ಫೋಟೋ ಬ್ಯಾಕಪ್ ಆಗಿಲ್ಲವೋ, ಆಗಿಯೂ ಸಿಗುತ್ತಿಲ್ಲವೋ? ಮೊದಲು ಅದನ್ನು ಪತ್ತೆ ಹಚ್ಚಿ

ಹೋದ ತಿಂಗಳು ಸಾಗರದಿಂದ ದೊಡ್ಡಮ್ಮನ ಫೋನ್. “ಮೊಮ್ಮಗಳ ನಾಮಕರಣದ ಫೋಟೋ ಎಲ್ಲಾ ಹೋಯ್ತಲ್ಲೋ ಮಾರಾಯಾ, ಹೊಸ ಫೋನಿನಲ್ಲಿ ಒಂದೂ ಇಲ್ಲ.” ಹಳೇ ಫೋನ್ ಎಲ್ಲಿ ಅಂತ ಕೇಳಿದೆ. ಅಕ್ಕಿ ಡಬ್ಬದಲ್ಲಿದೆ ಅಂದರು. ಬಚ್ಚಲ ಹಂಡೆಗೆ ಬಿದ್ದಿತ್ತಂತೆ, ಅಕ್ಕಿಯಲ್ಲಿ ಹೂತಿಟ್ಟರೆ ಸರಿಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. (ಸರಿಹೋಗುವುದಿಲ್ಲ. ಅಕ್ಕಿಯ ಧೂಳು ಒಳಗೆ ಸೇರುತ್ತದೆ, ಅಷ್ಟೇ.) ಬ್ಯಾಕಪ್ ಆನ್ ಇತ್ತಾ ಅಂದರೆ, “ಇತ್ತಪ್ಪಾ, ಬ್ಯಾಕಪ್ ಕಂಪ್ಲೀಟ್ ಅಂತಲೇ ಬರ್ತಿತ್ತು.”

ಅವರು ಹೇಳಿದ್ದು ಸುಳ್ಳಲ್ಲ. ಬ್ಯಾಕಪ್ ನಿಜಕ್ಕೂ ಆಗಿತ್ತು. ಎಲ್ಲಿಗೆ ಆಗಿತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಈ ತರಹದ ಫೋನು ನನಗೆ ಆಗಾಗ ಬರುತ್ತದೆ. ಮನೆಯಲ್ಲಿ ಒಬ್ಬನಿಗೆ ಕಂಪ್ಯೂಟರ್ ಗೊತ್ತಿದ್ದರೆ ಊರಿನವರ ರಿಪೇರಿಯೆಲ್ಲ ಅವನದೇ, ಅಲ್ವಾ? ನೋಡಿ ನೋಡಿ ನನಗೆ ಗೊತ್ತಾಗಿದ್ದು ಇಷ್ಟು: ಸೆಟ್ಟಿಂಗಿಗೆ ಕೈ ಹಾಕುವ ಮೊದಲು ಫೈಲ್ ಎಲ್ಲಿ ನಿಂತಿದೆ ಅಂತ ಪತ್ತೆ ಮಾಡಬೇಕು. ಫೋನು ಬಿಟ್ಟು ಹೊರಟೇ ಇಲ್ಲವಾ, ಬೇರೆ ಕಡೆ ಹೋಗಿದೆಯಾ, ಹೋಗಿ ಅಳಿಸಿಹೋಗಿದೆಯಾ, ಅಥವಾ ಎಲ್ಲ ಸರಿ ಇದ್ದು ನೋಡುವವರಿಗೆ ಬಾಗಿಲು ಮುಚ್ಚಿದೆಯಾ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಇರುವ ಫೋಟೋವೂ ಹೋಗುತ್ತದೆ.

ನಾನು ಇಲ್ಲಿ ಹೆಚ್ಚಾಗಿ ಆಂಡ್ರಾಯ್ಡ್ ಫೋನು, ಗೂಗಲ್ ಫೋಟೋಸ್ ಮತ್ತು ಗೂಗಲ್ ಡ್ರೈವ್ ಇಟ್ಟುಕೊಂಡೇ ಬರೆಯುತ್ತಿದ್ದೇನೆ, ನಮ್ಮ ಕಡೆ ಜಾಸ್ತಿ ಜನರ ಕೈಯಲ್ಲಿರುವುದು ಅದೇ. ಐಕ್ಲೌಡ್, ಒನ್‌ಡ್ರೈವ್ ಬಳಸುವವರಿಗೂ ಪತ್ತೆ ಮಾಡುವ ದಾರಿ ಇದೇ, ಗುಂಡಿಗಳ ಹೆಸರು ಮಾತ್ರ ಬೇರೆ.

ಏನೂ ಒತ್ತುವ ಮೊದಲು

ಪತ್ತೆ ಆಗುವ ತನಕ ಏನನ್ನೂ ಡಿಲೀಟ್ ಮಾಡಬೇಡಿ. ಫೋನಿನಲ್ಲಿರುವ ಪ್ರತಿಯನ್ನು ಅಳಿಸಿ ಜಾಗ ಮಾಡುವ ‘ಫ್ರೀ ಅಪ್ ಸ್ಪೇಸ್’ ಒತ್ತಬೇಡಿ. ಫೋನಿನಲ್ಲಿರುವುದನ್ನೆಲ್ಲ ಒರೆಸಿಹಾಕುವ ಫ್ಯಾಕ್ಟರಿ ರೀಸೆಟ್ ಅಂತೂ ಬೇಡವೇ ಬೇಡ. ರಿಪೇರಿ ಅಂಗಡಿಗೆ ಕೊಡುವುದಿದ್ದರೆ ‘ಡೇಟಾ ಅಳಿಸಬಾರದು’ ಅಂತ ಚೀಟಿಯಲ್ಲಿ ಬರೆಸಿಯೇ ಕೊಡಿ. ಬಾಯಲ್ಲಿ ಹೇಳಿದ್ದು ಕೌಂಟರಿನಿಂದ ಒಳಗಿನ ಮೇಜಿಗೆ ಹೋಗುವಷ್ಟರಲ್ಲಿ ಮರೆತುಹೋಗಿರುತ್ತದೆ.

ಮೊದಲ ಪರೀಕ್ಷೆ: ಬೇರೆ ಕಡೆಯಿಂದ ನೋಡಿ

ಫೋನಿನ ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಫೋಟೋ ಕಾಣುತ್ತಿದೆ ಅನ್ನುವುದು ಬ್ಯಾಕಪ್ ಆಗಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಆ ಆ್ಯಪ್ ಫೋನಿನಲ್ಲಿರುವ ಫೋಟೋವನ್ನೂ ಮೇಲೆ ಗೂಗಲ್‌ನ ಸರ್ವರಿನಲ್ಲಿರುವ (ಅಂದರೆ ಅವರ ಕಂಪ್ಯೂಟರಿನಲ್ಲಿರುವ) ಫೋಟೋವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ತೋರಿಸುತ್ತದೆ, ನೋಡುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಅದಕ್ಕೇ ಒಂದು ಲ್ಯಾಪ್‌ಟಾಪ್ ಅಥವಾ ಮನೆಯವರ ಇನ್ನೊಂದು ಫೋನ್ ತೆಗೆದುಕೊಳ್ಳಿ. ಬ್ರೌಸರಿನಲ್ಲಿ ಇನ್‌ಕಾಗ್ನಿಟೋ ಕಿಟಕಿ (ಮೊದಲೇ ಲಾಗಿನ್ ಆಗಿರುವ ಖಾತೆ ಅಡ್ಡ ಬರದ ಖಾಸಗಿ ಕಿಟಕಿ) ತೆರೆಯಿರಿ. ಬ್ಯಾಕಪ್ ಹೋಗಬೇಕಾದ ಖಾತೆಯಿಂದ ಲಾಗಿನ್ ಆಗಿ ‘ಫೋಟೋಸ್ ಡಾಟ್ ಗೂಗಲ್ ಡಾಟ್ ಕಾಮ್’ ನೋಡಿ. ಅಲ್ಲಿ ಕಂಡಿದ್ದು ಮಾತ್ರ ನಿಜಕ್ಕೂ ಮೇಲೆ ಹೋಗಿದೆ. ಸುಮ್ನೆ ಮೊದಲ ಪುಟ ನೋಡಿ ಮುಚ್ಚಬೇಡಿ. ಹೋದ ವಾರದ್ದು ಒಂದು, ಆರು ತಿಂಗಳ ಹಿಂದಿನದು ಒಂದು, ಒಂದು ವಿಡಿಯೊ, ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದು ಒಂದು, ಹೀಗೆ ನಾಲ್ಕನ್ನು ಗುರುತಿಟ್ಟುಕೊಂಡು ಹುಡುಕಿ. ಯಾವುದು ಇದೆ, ಯಾವುದು ಇಲ್ಲ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಡ್ರೈವ್‌ನಲ್ಲಿ ಹುಡುಕಿ ‘ಇಲ್ಲ’ ಅನ್ನುವವರೂ ಇದ್ದಾರೆ. ಮೊದಲು ಫೋಟೋಸ್‌ನಲ್ಲಿರುವುದು ಡ್ರೈವ್‌ನಲ್ಲೂ ಕಾಣುವ ಹಾಗೆ ಇತ್ತು, 2019ರ ಜುಲೈನಲ್ಲಿ ಆ ಜೋಡಣೆ ನಿಂತಿತು. ಈಗ ಜಾಗದ ಲೆಕ್ಕ ಒಂದೇ ಆದರೂ ಮನೆ ಬೇರೆ ಬೇರೆ.

ಬೇರೆಯವರ ಖಾತೆಗೆ ಹೋಗಿದೆಯಾ?

ದೊಡ್ಡಮ್ಮನ ಕತೆ ಇಲ್ಲೇ ಸಿಕ್ಕಿಕೊಂಡಿದ್ದು. ಅವರ ಖಾತೆಯಿಂದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದೂ ಫೋಟೋ ಇಲ್ಲ. ಸ್ವಲ್ಪ ಅಲ್ಲ, ಪೂರ್ತಿ ಖಾಲಿ. ಪೂರ್ತಿ ಖಾಲಿ ಇದ್ದರೆ ನೆಟ್ಟು, ಬ್ಯಾಟರಿ ಅಂತ ತಲೆ ಕೆಡಿಸಿಕೊಳ್ಳಬೇಡಿ, ಖಾತೆಯ ಮೇಲೇ ಅನುಮಾನ ಪಡಿ.

ಆ ಫೋನು ಮೊದಲು ಬೆಂಗಳೂರಿನಲ್ಲಿರುವ ಅವರ ಮಗನದು. ಅವನು ಹೊಸದು ತಗೊಂಡಾಗ ಹಳೆಯದನ್ನು ಅಮ್ಮನಿಗೆ ಕೊಟ್ಟ, ಅಮ್ಮನ ಜಿಮೇಲನ್ನೂ ಸೇರಿಸಿದ, ತನ್ನದನ್ನು ತೆಗೆಯಲಿಲ್ಲ. ಫೋಟೋಸ್ ಆ್ಯಪ್ ಎರಡು ವರ್ಷ ಅವನ ಖಾತೆಗೇ ತುಂಬುತ್ತಾ ಹೋಗಿದೆ. ಅವನಿಗೆ ಫೋನ್ ಮಾಡಿ ಕೇಳಿದರೆ, “ಹೌದಲ್ಲೋ, ನನ್ನ ಫೋಟೋ ಮಧ್ಯೆ ತೊಟ್ಟಿಲು, ಅಡಿಕೆ ಚಪ್ಪರ, ದನದ ಕೊಟ್ಟಿಗೆ ಎಲ್ಲ ಬರ್ತಿತ್ತು, ಫ್ಯಾಮಿಲಿ ಗ್ರೂಪಿನದು ಇರಬೇಕು ಅಂದ್ಕೊಂಡಿದ್ದೆ” ಅಂದ. ಎರಡು ವರ್ಷ!

ಇದನ್ನು ನೋಡುವುದು ಸುಲಭ. ಫೋಟೋಸ್ ಆ್ಯಪ್ ತೆರೆದು ಮೇಲೆ ಬಲಗಡೆಯ ಗುಂಡಗಿನ ಚಿತ್ರ ಒತ್ತಿ. ಯಾವ ಇಮೇಲ್ ವಿಳಾಸ ಇದೆ ಅಂತ ಅಕ್ಷರ ಅಕ್ಷರ ಓದಿ, ಹೆಸರು ಮಾತ್ರ ನೋಡಬೇಡಿ. ಒಬ್ಬರಿಗೇ ಎರಡು ಮೂರು ಜಿಮೇಲ್ ಇರುತ್ತವೆ, ಎಲ್ಲದರಲ್ಲೂ ಹೆಸರು ಒಂದೇ. ಮೊಬೈಲ್ ಅಂಗಡಿಯವರು ಸೆಟಪ್ ಮಾಡುವಾಗ ಹೊಸ ಖಾತೆ ತೆರೆದುಕೊಟ್ಟಿರುವುದೂ ಉಂಟು, ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಅಂಥ ಖಾತೆ ಸಿಕ್ಕರೆ ಫೋನು ಕೆಲಸ ಮಾಡುತ್ತಿರುವಾಗಲೇ ಪಾಸ್‌ವರ್ಡ್ ಬದಲಿಸಿ, ಮೊಬೈಲ್ ನಂಬರ್ ಸೇರಿಸಿ ಇಡಿ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರಿನಿಂದ ಆ ನಿಯಮ ಜಾರಿಯಲ್ಲಿದೆ.

ಜಾಗ ತುಂಬಿದೆಯಾ?

ಇದು ಪೂರ್ತಿ ಖಾಲಿ ಅಲ್ಲ, ‘ಒಂದು ದಿನದ ತನಕ ಇದೆ, ಆಮೇಲೆ ಇಲ್ಲ’ ಅನ್ನುವ ರೋಗ. ಬ್ರೌಸರಿನಲ್ಲಿ ನೋಡಿದಾಗ ಯುಗಾದಿ ತನಕ ಎಲ್ಲ ಫೋಟೋ ಇದ್ದು ಆಮೇಲಿನದು ಒಂದೂ ಇಲ್ಲದಿದ್ದರೆ ಮೊದಲು ನೋಡಬೇಕಾದ್ದು ಇದು.

ಗೂಗಲ್ ಖಾತೆಗೆ ಪುಕ್ಕಟೆ ಸಿಗುವುದು 15 ಜಿಬಿ. ಅದು ಫೋಟೋಗೆ ಮಾತ್ರ ಅಲ್ಲ, ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದೇ ಕೊಡದಿಂದ ನೀರು ಕುಡಿಯಬೇಕು. 2021ರ ಜೂನ್ 1ರ ಮೊದಲು ‘ಹೈ ಕ್ವಾಲಿಟಿ’ಯಲ್ಲಿ (ಹೆಸರು ಹಾಗಿದ್ದರೂ ಸ್ವಲ್ಪ ಕುಗ್ಗಿಸಿದ್ದು) ಹಾಕಿದ ಫೋಟೋಗಳು ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿಂದ ಈಚೆಗಿನದೆಲ್ಲ ಬರುತ್ತದೆ. ‘ಮೊದಲು ಎಷ್ಟು ಹಾಕಿದರೂ ತುಂಬುತ್ತಿರಲಿಲ್ಲ, ಈಗೇನಾಯಿತು’ ಅಂತ ಕೇಳುವವರಿಗೆ ಉತ್ತರ ಇದೇ. ಆಂಡ್ರಾಯ್ಡ್ ವಾಟ್ಸ್ಆ್ಯಪ್‌ನ ಚಾಟ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ ಸೇರುತ್ತದೆ. ದಿನಾ ಬೆಳಿಗ್ಗೆ ಹೂವು, ದೀಪ, ಶುಭೋದಯ ಬರುವ ಹತ್ತು ಗ್ರೂಪು ಇದ್ದರೆ ಅದೇ ಎಷ್ಟೋ ಜಿಬಿ ನುಂಗಿರುತ್ತದೆ. ವಾಟ್ಸ್ಆ್ಯಪ್‌ನ ಬ್ಯಾಕಪ್ ಸೆಟ್ಟಿಂಗಿನಲ್ಲಿ ವಿಡಿಯೊ ಸೇರಿಸುವ ಗುಂಡಿ ಆಫ್ ಮಾಡಿದರೇ ಬಹಳ ಹಗುರಾಗುತ್ತದೆ.

ತುಂಬಿದರೆ ಬರೀ ಫೋಟೋ ನಿಲ್ಲುವುದಲ್ಲ. ಆ ಜಿಮೇಲಿಗೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ. ‘ಬ್ಯಾಂಕಿನ ಮೇಲ್ ಬರ್ತಿಲ್ಲ’ ಅನ್ನುವ ದೂರು, ‘ಫೋಟೋ ಹೋಗ್ತಿಲ್ಲ’ ಅನ್ನುವ ದೂರು ಒಟ್ಟಿಗೇ ಬಂದರೆ ಬೇರೆ ಪರೀಕ್ಷೆಯೇ ಬೇಡ.

ಜಾಗ ಮಾಡುವಾಗ ಒಳ್ಳೆಯ ಫೋಟೋ ಅಳಿಸಲು ಹೋಗಬೇಡಿ, ದೊಡ್ಡ ಕಸ ಬೇರೆ ಕಡೆ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಜಿಮೇಲ್ ತೆರೆದು ಹುಡುಕುವ ಪಟ್ಟಿಯ ಪಕ್ಕದ ಆಯ್ಕೆಗಳಲ್ಲಿ ‘10 ಎಂಬಿಗಿಂತ ದೊಡ್ಡದು’ ಅಂತ ಗಾತ್ರ ಕೊಟ್ಟು ಹುಡುಕಿ. ಡ್ರೈವ್‌ನಲ್ಲಿ ಸ್ಟೋರೇಜ್ ಅಂತ ಒತ್ತಿದರೆ ದೊಡ್ಡ ಫೈಲ್ ಮೊದಲು ಬರುವ ಪಟ್ಟಿ ಸಿಗುತ್ತದೆ. ಅಳಿಸಿದ ಮೇಲೂ ಜಾಗ ಕಡಿಮೆ ಆಗದಿದ್ದರೆ ಕಸದ ಬುಟ್ಟಿ ನೋಡಿ, ಡ್ರೈವ್ ಮತ್ತು ಜಿಮೇಲಿನ ಬುಟ್ಟಿಯಲ್ಲಿರುವುದೂ ಜಾಗ ತಿನ್ನುತ್ತದೆ, ಖಾಲಿ ಮಾಡಿದ ಮೇಲೇ ಲೆಕ್ಕ ಇಳಿಯುವುದು.

ಫೋಟೋಸ್‌ನ ವೆಬ್ ಸೆಟ್ಟಿಂಗಿನಲ್ಲಿ ‘ರಿಕವರ್ ಸ್ಟೋರೇಜ್’ ಅಂತ ಒಂದು ಗುಂಡಿ ಇದೆ. ಅದು ಒರಿಜಿನಲ್ ಗುಣಮಟ್ಟದ ಫೋಟೋಗಳನ್ನೆಲ್ಲ ಸ್ಟೋರೇಜ್ ಸೇವರ್‌ಗೆ ಇಳಿಸುತ್ತದೆ: 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋ ಕುಗ್ಗುತ್ತದೆ, ವಿಡಿಯೊ 1080ಪಿಗೆ ಇಳಿಯುತ್ತದೆ. ಒಮ್ಮೆ ಮಾಡಿದರೆ ವಾಪಸ್ ಇಲ್ಲ. ಮದುವೆ ಆಲ್ಬಮ್ಮಿನ ಮೂಲ ಫೈಲ್ ಅಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದಿದ್ದರೆ ಆ ಗುಂಡಿಯ ಹತ್ತಿರವೂ ಹೋಗಬೇಡಿ. ಮೊಬೈಲಿನಲ್ಲಿ ತೆಗೆದ ಊಟದ ಎಲೆ, ಕರೆಂಟ್ ಬಿಲ್ ಮಾತ್ರ ಇದ್ದರೆ ಧೈರ್ಯವಾಗಿ ಒತ್ತಿ.

ಖಾತೆ ಸರಿ, ಜಾಗ ಇದೆ, ಆದರೂ ಮೇಲೇರುತ್ತಿಲ್ಲ

ಈಗ ಒಂದು ಸಣ್ಣ ಪ್ರಯೋಗ. ಫೋನನ್ನು ಚಾರ್ಜಿಗೆ ಹಾಕಿ, ವೈ-ಫೈ ಹಚ್ಚಿ, ಒಂದು ಹೊಸ ಫೋಟೋ ತೆಗೆಯಿರಿ. ಗೋಡೆ ಕ್ಯಾಲೆಂಡರಿನದಾದರೆ ಒಳ್ಳೆಯದು, ತಾರೀಕು ಗುರುತು ಸಿಗುತ್ತದೆ. ಫೋಟೋಸ್ ಆ್ಯಪ್ ತೆರೆದಿಟ್ಟು, ಪರದೆ ಆರದ ಹಾಗೆ ನೋಡಿಕೊಂಡು ಐದು ನಿಮಿಷ ಕಾಯಿರಿ. ಬ್ರೌಸರಿನಲ್ಲಿ ಬಂತಾ ನೋಡಿ.

ಆ್ಯಪ್ ತೆರೆದಾಗ ಹೋಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ ಅಂದರೆ ತಪ್ಪು ನೆಟ್ಟಿನದಲ್ಲ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಫೋನು ಆ ಆ್ಯಪನ್ನು ಹಿಂದಿನಿಂದ ಕೊಲ್ಲುತ್ತಿದೆ. ಸೆಟ್ಟಿಂಗ್ಸ್, ಆ್ಯಪ್ಸ್, ಫೋಟೋಸ್, ಬ್ಯಾಟರಿ ಅಂತ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಕೆಲವು ಫೋನುಗಳಲ್ಲಿ ‘ಆಟೋಸ್ಟಾರ್ಟ್’ ಅಂತ ಬೇರೆಯೇ ಒಂದು ಗುಂಡಿ ಇರುತ್ತದೆ, ಅದನ್ನೂ ಆನ್ ಮಾಡಿ. ಬ್ಯಾಟರಿ ಸೇವರ್, ಡೇಟಾ ಸೇವರ್ ಎರಡೂ ಆಫ್ ಇರಲಿ. ಐಫೋನ್ ಆದರೆ ಲೋ ಪವರ್ ಮೋಡ್ ಆನ್ ಇದೆಯಾ ನೋಡಿ, ಅದು ಆನ್ ಇದ್ದಾಗ ಐಕ್ಲೌಡ್ ಫೋಟೋ ಕಳಿಸುವುದನ್ನು ನಿಲ್ಲಿಸಿಡುತ್ತದೆ.

ಆ್ಯಪ್ ತೆರೆದಿದ್ದರೂ ಹೋಗಲಿಲ್ಲವಾ? ವೈ-ಫೈ ಬಿಟ್ಟು ಇನ್ನೊಬ್ಬರ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಅದೇ ಒಂದು ಫೋಟೋ ಕಳಿಸಿ. ಹಾಟ್‌ಸ್ಪಾಟನ್ನು ಕೆಲವು ಫೋನುಗಳು ಮೊಬೈಲ್ ಡೇಟಾ ಅಂತ ಎಣಿಸಿ ಕಾಯುತ್ತಾ ಕೂರುತ್ತವೆ, ಬ್ಯಾಕಪ್ ಸೆಟ್ಟಿಂಗಿನಲ್ಲಿ ಮೊಬೈಲ್ ಡೇಟಾಕ್ಕೆ ಸ್ವಲ್ಪ ಹೊತ್ತು ಅನುಮತಿ ಕೊಡಿ. ಈಗ ಹೋದರೆ ರೋಗ ಮನೆಯ ವೈ-ಫೈನಲ್ಲಿದೆ. ಹೋಗದಿದ್ದರೆ ಫೋನಿನ ಗಡಿಯಾರ ನೋಡಿ. ಬ್ಯಾಟರಿ ಪೂರ್ತಿ ಇಳಿದು ಎದ್ದ ಹಳೇ ಫೋನುಗಳಲ್ಲಿ ತಾರೀಕು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ, ಆಗ ಸರ್ವರಿನ ಜೊತೆ ಸುರಕ್ಷಿತ ಸಂಪರ್ಕವೇ ಆಗುವುದಿಲ್ಲ.

ಇನ್ನು ಕೆಲವು ಸಲ ದೋಷವೇ ಇರುವುದಿಲ್ಲ, ಲೆಕ್ಕ ಮಾತ್ರ ಇರುತ್ತದೆ. ಇಂಟರ್ನೆಟ್ ಪ್ಲಾನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಕೆಳಗಿಳಿಸುವ ವೇಗ, ಮೊಬೈಲ್ ಟವರಿನ ನೆಟ್ಟಿನಲ್ಲಂತೂ ಮೇಲೇರಿಸುವ ವೇಗ ಅದಕ್ಕಿಂತ ಎಷ್ಟೋ ಕಡಿಮೆ. ಮೇಲೇರಲು 5 ಎಂಬಿಪಿಎಸ್ ಸಿಕ್ಕರೆ 20 ಜಿಬಿ ಹೋಗಲು ಒಂದು ಕ್ಷಣವೂ ನಿಲ್ಲದೆ ಸುಮಾರು 9 ಗಂಟೆ ಬೇಕು. ಮಳೆಗಾಲದಲ್ಲಿ ಮಲೆನಾಡಿನ ಮನೆಯಲ್ಲಿ 9 ಗಂಟೆ ಕರೆಂಟು, ನೆಟ್ಟು ಎರಡೂ ಒಟ್ಟಿಗೆ ಇರುವುದು ಅಂದರೆ ಅದೊಂದು ಹಬ್ಬ. ಜೊತೆಗೆ ಸಾಲಿನಲ್ಲಿ ಯಕ್ಷಗಾನದ ಒಂದು ಗಂಟೆಯ 4ಕೆ ವಿಡಿಯೊ ನಿಂತಿದ್ದರೆ ಮುಗಿಯಿತು: ನಿಮಿಷಕ್ಕೇ ನೂರಾರು ಎಂಬಿ, ಲೈನು ಹೋದಾಗಲೆಲ್ಲ ಅದು ಅಲ್ಲೇ ಒದ್ದಾಡುತ್ತದೆ. ಅಂಥ ವಿಡಿಯೊವನ್ನು ಪೆನ್‌ಡ್ರೈವಿಗೋ ಲ್ಯಾಪ್‌ಟಾಪಿಗೋ ತೆಗೆದಿಟ್ಟು, ಅಲ್ಲಿ ತೆರೆಯುತ್ತದೆ ಅಂತ ನೋಡಿಕೊಂಡ ಮೇಲೆ ಫೋನಿನಿಂದ ತೆಗೆಯಿರಿ. ಸಾಲು ಓಡುತ್ತದೆ.

ಕ್ಯಾಮೆರಾ ಫೋಟೋ ಇದೆ, ವಾಟ್ಸ್ಆ್ಯಪ್‌ದು ಇಲ್ಲ

ದೋಷ ಅಲ್ಲ. ಗೂಗಲ್ ಫೋಟೋಸ್ ತಾನಾಗಿ ಎತ್ತಿಕೊಳ್ಳುವುದು ಕ್ಯಾಮೆರಾ ಫೋಲ್ಡರನ್ನು ಮಾತ್ರ. ವಾಟ್ಸ್ಆ್ಯಪ್, ಸ್ಕ್ರೀನ್‌ಶಾಟ್, ಡೌನ್‌ಲೋಡ್ ಇವನ್ನು ಬ್ಯಾಕಪ್ ಸೆಟ್ಟಿಂಗಿನ ‘ಬ್ಯಾಕ್ ಅಪ್ ಡಿವೈಸ್ ಫೋಲ್ಡರ್ಸ್’ನಲ್ಲಿ ನಾವೇ ಆನ್ ಮಾಡಬೇಕು. ಮಾಡಿದರೆ ಶುಭೋದಯವೂ ಬರುತ್ತದೆ, ಅದು ಗೊತ್ತಿರಲಿ.

ಪಿಡಿಎಫ್ ಮಾತ್ರ ಯಾವತ್ತೂ ಫೋಟೋಸ್‌ಗೆ ಹೋಗುವುದಿಲ್ಲ. ಪಹಣಿ, ಕ್ರಯಪತ್ರದ ಸ್ಕ್ಯಾನು, ಆಸ್ಪತ್ರೆ ರಿಪೋರ್ಟು ಇವೆಲ್ಲ ಡೌನ್‌ಲೋಡ್ ಫೋಲ್ಡರಿನಲ್ಲೇ ಕೊಳೆಯುತ್ತಿರುತ್ತವೆ. ಡ್ರೈವ್ ಆ್ಯಪ್ ತೆರೆದು ಕೈಯಾರೆ ಅಪ್‌ಲೋಡ್ ಮಾಡಬೇಕು, ಬೇರೆ ದಾರಿ ಹುಡುಕಬೇಡಿ. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ ತರಹದ್ದಕ್ಕೆ ಸರ್ಕಾರದ ಡಿಜಿಲಾಕರ್ ಆ್ಯಪ್ ಇದೆ. ಇಲಾಖೆಯಿಂದಲೇ ಅದಕ್ಕೆ ಬಂದ ದಾಖಲೆಗೆ ಮೂಲ ದಾಖಲೆಯ ಬೆಲೆ ಇದೆ, ನೀವೇ ಫೋಟೋ ಹೊಡೆದು ಹಾಕಿದ್ದಕ್ಕೆ ಇಲ್ಲ.

ಇತ್ತು, ಈಗ ಇಲ್ಲ

ಇದರಲ್ಲಿ ನಾನೇ ಬಿದ್ದವನು. ಲ್ಯಾಪ್‌ಟಾಪಿನ ಡಿಸ್ಕ್ ತುಂಬಿತ್ತು. ‘ಹೇಗೂ ಡ್ರೈವ್‌ನಲ್ಲಿ ಇದೆಯಲ್ಲ’ ಅಂತ ಡ್ರೈವ್ ಜೊತೆ ಸಿಂಕ್ ಇದ್ದ ಫೋಲ್ಡರಿನಿಂದಲೇ ಅಪ್ಪನ ಹಳೇ ಫೋಟೋಗಳ ಸ್ಕ್ಯಾನ್ ಅಳಿಸಿದೆ. ಸಿಂಕ್ ಅನ್ನುವುದು ಕನ್ನಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯಿತು. ಮೂರು ವಾರ ಬಿಟ್ಟು ಅತ್ತಿಗೆ ಒಂದು ಫೋಟೋ ಕೇಳಿದಾಗಲೇ ಗೊತ್ತಾಗಿದ್ದು. ಡ್ರೈವ್‌ನ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ. ಇನ್ನು ಒಂಬತ್ತೇ ದಿನ ಬಾಕಿ ಇತ್ತು. ಅವತ್ತು ಅತ್ತಿಗೆಗೆ ನಾನು ಏನೂ ಹೇಳಲಿಲ್ಲ, ಫೋಟೋ ಮಾತ್ರ ಕಳಿಸಿದೆ.

ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಬ್ಯಾಕಪ್ ಆಗದೇ ಇದ್ದದ್ದು 30 ದಿನ. ಆದ್ದರಿಂದ ‘ಇತ್ತು, ಈಗ ಇಲ್ಲ’ ಅಂದ ಕೂಡಲೇ ಮೊದಲು ಬುಟ್ಟಿ, ಆಮೇಲೆ ಆರ್ಕೈವ್ (ಅಳಿಸದೆ ಮುಖ್ಯ ಪಟ್ಟಿಯಿಂದ ಮರೆಮಾಡಿದ್ದು ಇರುವ ಜಾಗ) ನೋಡಿ. ಮಕ್ಕಳ ಕೈಗೆ ಫೋನು ಕೊಟ್ಟರೆ ಗೇಮಿಗೆ ಜಾಗ ಮಾಡಲು ಆ್ಯಪ್ ಒಳಗಿಂದಲೇ ಫೋಟೋ ಆರಿಸಿ ಡಿಲೀಟ್ ಮಾಡಿರುತ್ತಾರೆ, ಅದು ಫೋನಿನಿಂದಲೂ ಹೋಗುತ್ತದೆ, ಮೇಲಿಂದಲೂ ಹೋಗುತ್ತದೆ. ಫೋನಿನಲ್ಲಿ ಮಾತ್ರ ಜಾಗ ಆಗಬೇಕಿದ್ದರೆ ‘ಫ್ರೀ ಅಪ್ ಸ್ಪೇಸ್’ ಬಳಸಬೇಕು, ಅದೂ ಬ್ರೌಸರಿನಲ್ಲಿ ಫೋಟೋ ಕಂಡ ಮೇಲೆ.

ಲ್ಯಾಪ್‌ಟಾಪಿನದೇ ಇನ್ನೊಂದು ಮೋಸ ಇದೆ. ಗೂಗಲ್ ಡಾಕ್ಸ್, ಶೀಟ್ಸ್ ಫೈಲನ್ನು ಡ್ರೈವ್ ಫೋಲ್ಡರಿನಿಂದ ಎಳೆದು ಪೆನ್‌ಡ್ರೈವಿಗೆ ಹಾಕಿದರೆ ಹೋಗುವುದು ಫೈಲ್ ಅಲ್ಲ, ಅದರ ವಿಳಾಸ ಬರೆದ ಚೀಟಿ. ಗಾತ್ರ ನೋಡಿದರೆ ಒಂದು ಕೆಬಿ ಅಂತ ಇರುತ್ತದೆ. ಸಂಘದ ಹತ್ತು ವರ್ಷದ ಲೆಕ್ಕ ಒಂದು ಕೆಬಿಯಲ್ಲಿ ಹಿಡಿಯುವುದಿಲ್ಲ. ಫೈಲ್ ಮೆನುವಿನ ಡೌನ್‌ಲೋಡ್‌ಗೆ ಹೋಗಿ ಎಕ್ಸೆಲ್ ಅಥವಾ ಪಿಡಿಎಫ್ ಮಾಡಿಯೇ ಇಡಿ.

ಲಿಂಕ್ ಕೊಟ್ಟಿದ್ದೇನೆ, ಅವರಿಗೆ ತೆರೆಯುತ್ತಿಲ್ಲ

ಮತ್ತೆ ದೊಡ್ಡಮ್ಮನ ಮನೆಗೆ ಬರೋಣ. ಫೋಟೋ ಮಗನ ಖಾತೆಯಲ್ಲಿ ಸಿಕ್ಕವು. ಅವನು ಎಲ್ಲವನ್ನೂ ಒಂದು ಡ್ರೈವ್ ಫೋಲ್ಡರಿಗೆ ಹಾಕಿ ಲಿಂಕನ್ನು ಫ್ಯಾಮಿಲಿ ಗ್ರೂಪಿಗೆ ಬಿಟ್ಟ. ಹತ್ತು ನಿಮಿಷದಲ್ಲಿ ಗ್ರೂಪಿನ ತುಂಬ ‘ಯೂ ನೀಡ್ ಆ್ಯಕ್ಸೆಸ್’ ಅನ್ನುವ ಸ್ಕ್ರೀನ್‌ಶಾಟು.

ಡ್ರೈವ್‌ನಲ್ಲಿ ಯಾವುದೇ ಫೋಲ್ಡರು ಮೊದಲಿಗೆ ‘ರಿಸ್ಟ್ರಿಕ್ಟೆಡ್’. ಲಿಂಕ್ ಕಾಪಿ ಮಾಡಿದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಶೇರ್ ಒತ್ತಿ ‘ಎನಿವನ್ ವಿತ್ ದ ಲಿಂಕ್’ ಮಾಡಬೇಕು, ಪಕ್ಕದಲ್ಲಿ ‘ವ್ಯೂವರ್’ ಅಂತಲೇ ಇರಬೇಕು. ಎಡಿಟರ್ ಕೊಟ್ಟರೆ ಗ್ರೂಪಿನಲ್ಲಿರುವ ಯಾರು ಬೇಕಾದರೂ ಫೋಟೋ ತೆಗೆದು ಹಾಕಬಹುದು, ಬೇಕೆಂದು ಅಲ್ಲದಿದ್ದರೂ ಕೈ ತಾಗಿ. ಮಗುವಿನ ಫೋಟೋ, ಆಧಾರ್ ಪ್ರತಿ ಇರುವ ಫೋಲ್ಡರಿಗೆ ಎನಿವನ್ ಬೇಡ. ಒಬ್ಬೊಬ್ಬರ ಜಿಮೇಲ್ ಹಾಕಿ ಕೊಡಿ, ಬೇಸರವಾದರೂ ಸರಿ. ಹಾಗೆ ಕೊಟ್ಟ ಮೇಲೂ ತೆರೆಯದಿದ್ದರೆ ಅವರು ಬೇರೆ ಜಿಮೇಲಿನಿಂದ ನೋಡುತ್ತಿರುತ್ತಾರೆ, ಅಥವಾ ಆಫೀಸಿನ ಖಾತೆಯಿಂದ. ಎಷ್ಟೋ ಕಂಪನಿಗಳು ಹೊರಗಿನ ಫೋಲ್ಡರು ತೆರೆಯಲು ಬಿಡುವುದಿಲ್ಲ.

ಹಂಚಿಕೊಂಡ ಫೋಲ್ಡರಿನಲ್ಲಿ ಜಾಗ ಯಾರದು ಹೋಗುತ್ತದೆ ಅಂತ ಕೇಳುವವರಿದ್ದಾರೆ. ಹಾಕಿದವರದು. ಅವರು ಅಳಿಸಿದರೆ ನಿಮಗೂ ಕಾಣುವುದಿಲ್ಲ, ಉಳಿಯಬೇಕಿದ್ದರೆ ಇಳಿಸಿ ನಿಮ್ಮದಾಗಿ ಇಟ್ಟುಕೊಳ್ಳಿ.

ಮಗ ಎಲ್ಲರ ಜಿಮೇಲ್ ಹಾಕಿ ಕೊಟ್ಟ. ಎಲ್ಲರೂ ಸುಮ್ಮನಾದರು. ರಾತ್ರಿ ದೊಡ್ಡಪ್ಪನ ಫೋನ್: “ಎಲ್ಲ ಇಳಿಸಿದೆ ಮಾರಾಯಾ, ತೊಟ್ಟಿಲಿಗೆ ಹಾಕುವ ತನಕ ಇದೆ. ಹೆಸರು ಇಟ್ಟಿದ್ದು ಇಲ್ಲ, ಊಟದ್ದು ಇಲ್ಲ.”

ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರ್ ತೆರೆದು ಏನೇನಿದೆ ಓದು ಅಂದೆ. ದೊಡ್ಡ ಫೋಲ್ಡರನ್ನು ಇಳಿಸಿದರೆ ಡ್ರೈವ್ ಅದನ್ನು ಜಿಪ್ ಮಾಡಿ, ಅಂದರೆ ಫೈಲ್‌ಗಳನ್ನು ಗಂಟು ಕಟ್ಟಿ, ತುಂಡು ತುಂಡಾಗಿ ಕೊಡುತ್ತದೆ. ಹೆಸರಿನ ಕೊನೆಗೆ 001, 002, 003 ಅಂತ ಇರುತ್ತದೆ, ಎಲ್ಲವನ್ನೂ ಬಿಚ್ಚಿದರೇ ಪೂರ್ತಿ ಸಿಗುವುದು. ದೊಡ್ಡಪ್ಪ ಒಂದೊಂದೇ ಅಕ್ಷರ ಓದುತ್ತಾ ಹೋದರು. ಮೂರು ಇದ್ದವು, ಒಂದನ್ನೇ ಬಿಚ್ಚಿದ್ದರು.

“ಇನ್ನೆರಡು ವೈರಸ್ಸು ಅಂದ್ಕೊಂಡೆ” ಅಂದರು. ಪುಣ್ಯಕ್ಕೆ ಅಳಿಸಿರಲಿಲ್ಲ.